ಊದುಕೊಳವೆ ಕಲಿಸಿದ ಪಾಠ

1897ನೇ ಇಸವಿಯ ಸೆಪ್ಟೆಂಬರ್ 10. ಲಂಡನ್ ನಗರದಲ್ಲಿ ಬ್ಯಾಟರಿಯಿಂದ ಓಡುವ ಬಾಡಿಗೆ ಗಾಡಿಗಳು ಆಗಷ್ಟೇ ರಸ್ತೆಗಿಳಿದಿದ್ದವು. ಕುದುರೆಯಿಲ್ಲದೆ ಗಾಡಿ ಓಡುವುದನ್ನು ಜನ ನಿಂತು, ಬೆರಗಾಗಿ ನೋಡುತ್ತಿದ್ದ ಕಾಲವದು. ಅಂಥದೊಂದು ಗಾಡಿಯ ಚಾಲಕ ಜಾರ್ಜ್ ಸ್ಮಿತ್ ಎಂಬಾತ ಬಾಂಡ್ ಸ್ಟ್ರೀಟಿನಲ್ಲಿ ಅಡ್ಡಾದಿಡ್ಡಿ ಓಡಿಸಿ ಕಟ್ಟಡವೊಂದಕ್ಕೆ ಗುದ್ದಿದ. ಕುಡಿದಿದ್ದು ನಿಜವೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡು ದಂಡ ತೆತ್ತ. ಕುಡಿದು ಮೋಟಾರು ವಾಹನ ಓಡಿಸಿ ಶಿಕ್ಷೆಗೆ ಗುರಿಯಾದವರಲ್ಲಿ ಮೊದಲಿಗ ಎಂದು ಚರಿತ್ರೆ ಈತನ ಹೆಸರನ್ನು ಉಳಿಸಿಕೊಂಡಿದೆ.

ಅಂದರೆ ಮೋಟಾರು ಗಾಡಿ ಬಂದ ಹಿಂದೆಯೇ ಅದನ್ನು ಓಡಿಸುವವನ ದುರಭ್ಯಾಸವೂ ಬಂದಿತು. ಅತಿವೇಗ, ಎದುರು ದಿಕ್ಕಿನಲ್ಲಿ ನುಗ್ಗುವುದು, ಕೆಂಪು ದೀಪ ದಾಟುವುದು, ಹೆಲ್ಮೆಟ್ಟನ್ನು ಕೈಗೆ ನೇತುಹಾಕಿಕೊಂಡು ಹೋಗುವುದು, ಈಚಿನ ಮೊಬೈಲ್ ಫೋನಿನ ಗೀಳು ಇವೆಲ್ಲ ಒಂದೊಂದಾಗಿ ಪಟ್ಟಿಗೆ ಸೇರುತ್ತ ಹೋದವು. ಇವುಗಳ ಪೈಕಿ ಅತ್ಯಂತ ಹಳೆಯದು ಕುಡಿತ. ಇದನ್ನು ಹತ್ತಿಕ್ಕಲು ಹಲವು ದೇಶಗಳು ನಡೆಸಿದ ಪ್ರಯತ್ನದ ಕತೆ ಮಿಕ್ಕ ಎಲ್ಲ ದುರಭ್ಯಾಸಗಳಿಗೂ ಅನ್ವಯಿಸುವಂಥದು. ಚಾಲಕ ತನ್ನ ಚಟವನ್ನು ಬಿಡುವುದು ಯಾವಾಗ? ಬುದ್ಧಿಮಾತು ಕೇಳಿದಾಗಲೇ, ದಂಡ ಹೆಚ್ಚಿಸಿದಾಗಲೇ, ಅಥವಾ ಬೇರೇನಾದರೂ ಆದಾಗಲೇ? ಈ ಪ್ರಶ್ನೆಗೆ ಉತ್ತರ ಸಿಗಲು ಮುಕ್ಕಾಲು ಶತಮಾನ ಹಿಡಿಯಿತು.

ಎತ್ತಿಗೆ ದಾರಿ ಗೊತ್ತಿತ್ತು

ಸಂತೆಯಿಂದ ಹಿಂತಿರುಗುವ ಗಾಡಿಯ ಯಜಮಾನ ನಾಲ್ಕು ಗುಟುಕು ಹೆಚ್ಚು ಕುಡಿದು ಮಲಗಿದರೂ ಎತ್ತುಗಳು ಗಾಡಿಯನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದವು ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಕುದುರೆ ಗಾಡಿಯೂ ಅಷ್ಟೆ. ಎದುರಿಗೆ ಹಳ್ಳ ಬಂದರೆ ಪ್ರಾಣಿ ತಾನೇ ನಿಲ್ಲುತ್ತದೆ. ಹಾಗೆಂದು ಕುಡಿದ ಗಾಡಿಯವನಿಂದ ಅನಾಹುತ ಆಗುತ್ತಲೇ ಇರಲಿಲ್ಲ ಎಂದಲ್ಲ. ಬ್ರಿಟನ್ನಿನ 1872ರ ಲೈಸೆನ್ಸಿಂಗ್ ಕಾಯಿದೆಯೇ ಇದಕ್ಕೆ ಸಾಕ್ಷಿ. ಹೆದ್ದಾರಿಯಲ್ಲಿ ಕುದುರೆ, ದನ, ಗಾಡಿ ಅಥವಾ ಉಗಿಯಂತ್ರದ ಉಸ್ತುವಾರಿಯಲ್ಲಿರುವವನು ಕುಡಿದಿದ್ದರೆ 40 ಷಿಲಿಂಗ್‌ವರೆಗೆ ದಂಡ ಇಲ್ಲವೆ ಒಂದು ತಿಂಗಳವರೆಗೆ ಜೈಲು ಎಂದು ಅದು ವಿಧಿಸಿತ್ತು.

ಮೋಟಾರಿಗೆ ಎತ್ತಿನ ಬುದ್ಧಿ ಇಲ್ಲ. ಅದು ಚಾಲಕನ ಕೈಕಾಲು ಹೇಳಿದಂತೆ ಹೋಗುವ ಯಂತ್ರ. ಆದರೂ ಬ್ರಿಟನ್ನಿನ ಕಾನೂನಿನಲ್ಲಿ ಯಂತ್ರದಿಂದ ಓಡುವ ಎಲ್ಲ ವಾಹನಗಳ ಹೆಸರು ಸ್ಪಷ್ಟವಾಗಿ ಸೇರಿದ್ದು 1925ರಲ್ಲಿ. 1930ರ ರಸ್ತೆ ಸಂಚಾರ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಾಹನವನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲಾಗದಷ್ಟು ಕುಡಿದಿದ್ದರೆ ಅಪರಾಧ ಎಂದಿತು. ತೊಡಕು ಹುಟ್ಟಿದ್ದು ಇಲ್ಲೇ. 'ಇಷ್ಟು ಕುಡಿದಿದ್ದ' ಎಂದು ಸಾಬೀತು ಮಾಡುವುದು ಹೇಗೆ?

ಠಾಣೆಗೆ ವೈದ್ಯರನ್ನು ಕರೆಸಬೇಕು. ಅವರು ಆರೋಪಿಯನ್ನು ಸೀಮೆಸುಣ್ಣದ ಗೆರೆಯ ಮೇಲೆ ನಡೆಸಿ ನೋಡುವರು. ನಾಲಗೆ ಹೊರಳಿಸುವುದು ಕಷ್ಟವಾದ ಪದಗಳನ್ನು ಹೇಳಿಸುವರು. ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಿಸುವರು. ವೈದ್ಯರು ಬರುವಷ್ಟರಲ್ಲಿ ಗಂಟೆಗಟ್ಟಲೆ ಕಳೆದಿರುತ್ತಿತ್ತು. ಎಷ್ಟೋ ಜನ ಗೆರೆಯ ಮೇಲೆ ನೆಟ್ಟಗೆ ನಡೆದು ತೋರಿಸಿ ಮನೆಗೆ ಹೋಗುತ್ತಿದ್ದರು. ಮೊಕದ್ದಮೆ ನ್ಯಾಯಾಲಯ ಮುಟ್ಟಿದರೂ ತೀರ್ಪು ಹೇಳುವ ಜ್ಯೂರಿಯ ಸದಸ್ಯರಲ್ಲಿ ಅನೇಕರು ತಾವೂ ಎರಡು ಗ್ಲಾಸು ಬೀರು ಕುಡಿದು ಕಾರಿನಲ್ಲಿ ಮನೆಗೆ ಹೋಗುವವರೇ. ಇವತ್ತು ಕಟಕಟೆಯಲ್ಲಿ ಅವನು, ನಾಳೆ ನಾನು ಎಂಬ ಅನುಕಂಪ ಅವರದು. ಕುಡಿದರೆ ಮೈಯೆಲ್ಲ ಎಚ್ಚರವಾಗಿ ಇನ್ನೂ ಚೆನ್ನಾಗಿ ಓಡಿಸಬಹುದು ಎಂದು ನಂಬಿದವರಿಗೂ ಕಡಿಮೆ ಇರಲಿಲ್ಲ.

ನೆತ್ತರಿನ ಲೆಕ್ಕ

ಈ ವಾದವಿವಾದಕ್ಕೆ ತೆರೆ ಎಳೆಯಲು ದಾರಿ ಮಾಡಿದ್ದು ವಿಜ್ಞಾನ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಿಂದ ಅದರಲ್ಲಿನ ಮದ್ಯಸಾರದ ಪ್ರಮಾಣ ಅಳೆಯುವ ವಿಧಾನವನ್ನು 1922ರಲ್ಲಿ ಪ್ರಕಟಿಸಿದರು. ಕುಡಿದ ಮದ್ಯ ರಕ್ತಕ್ಕೆ ಸೇರುವುದು ಹೇಗೆ, ಇಳಿಯುವುದು ಎಷ್ಟು ನಿಧಾನ ಎಂಬುದನ್ನೂ ಲೆಕ್ಕ ಹಾಕಿದರು. ಸಾಮಾನ್ಯವಾಗಿ ಒಂದು ಗಂಟೆಗೆ 100 ಮಿಲಿಲೀಟರ್ ರಕ್ತದಲ್ಲಿ ಇಳಿಯುವುದು ಸುಮಾರು 10ರಿಂದ 20 ಮಿಲಿಗ್ರಾಂ ಅಷ್ಟೆ. ಮಜ್ಜಿಗೆ, ನಿಂಬೆರಸ, ಕಡು ಕಾಫಿ, ತಣ್ಣೀರು ಸ್ನಾನ ಯಾವುದೂ ಅದನ್ನು ಬೇಗ ಇಳಿಸಲಾರದು. ಅಂಥವು ನಿದ್ದೆಯನ್ನು ಒಂದಿಷ್ಟು ಓಡಿಸಬಹುದು, ಮತ್ತನ್ನಲ್ಲ. ರಾತ್ರಿ ಬಹಳ ಹೊತ್ತಿನವರೆಗೆ ಕುಡಿದವನ ರಕ್ತದಲ್ಲಿ ಬೆಳಿಗ್ಗೆಯೂ ಮದ್ಯ ಉಳಿದಿರುವುದು ಈ ಕಾರಣದಿಂದ.

ಈ ಅಳತೆಯನ್ನು ನಂಬಿ ನಾರ್ವೆ ದೇಶ 1936ರಲ್ಲಿ ಹೊಸ ಕಾನೂನು ತಂದಿತು. ಚಾಲಕ ಗೆರೆಯ ಮೇಲೆ ನಡೆಯಬಲ್ಲನೇ ಎಂಬ ಪ್ರಶ್ನೆಯನ್ನೇ ಅದು ಕೈಬಿಟ್ಟಿತು. ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ಮದ್ಯವಿದ್ದರೆ ಸಾಕು, ಅದೇ ಅಪರಾಧ. ಐದು ವರ್ಷದ ನಂತರ ಸ್ವೀಡನ್ ಇದೇ ಹಾದಿ ಹಿಡಿಯಿತು.

ಆದರೆ ರಸ್ತೆಬದಿಯಲ್ಲಿ ನಿಲ್ಲಿಸಿ ಪ್ರತಿಯೊಬ್ಬನ ರಕ್ತ ತೆಗೆಯುವುದು ಆಗದ ಮಾತು. ರಕ್ತದಲ್ಲಿರುವ ಮದ್ಯ ಶ್ವಾಸಕೋಶದ ಮೂಲಕ ಉಸಿರಿಗೂ ಬರುತ್ತದೆ. ಉಸಿರನ್ನು ಅಳೆದರೆ ರಕ್ತದ ಲೆಕ್ಕ ಸಿಗುತ್ತದೆ. ಈ ತತ್ವದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾನಿಲಯದ ರೋಲಾ ಹಾರ್ಗರ್ ಒಂದು ಉಪಕರಣ ಮಾಡಿದರು. ಶಂಕಿತ ಚಾಲಕ ಬಲೂನು ಊದಬೇಕು. ಆ ಗಾಳಿಯನ್ನು ನೇರಳೆ ಬಣ್ಣದ ರಾಸಾಯನಿಕ ದ್ರಾವಣಕ್ಕೆ ಹಾಯಿಸಿದರೆ ಮದ್ಯವಿದ್ದಷ್ಟೂ ಬಣ್ಣ ಮಾಸುತ್ತದೆ. 1938ರ ಹೊತ್ತಿಗೆ ಇಂಡಿಯಾನಾಪೊಲಿಸ್ ನಗರದ ಪೊಲೀಸರು ಇದನ್ನು ಬಳಸತೊಡಗಿದರು. 1954ರಲ್ಲಿ ಅದೇ ರಾಜ್ಯದ ಪೊಲೀಸ್ ಪ್ರಯೋಗಾಲಯದಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ ಇನ್ನೂ ನಂಬಿಕೆಗೆ ಅರ್ಹವಾದ, ಒಯ್ಯಲು ಹಗುರವಾದ ಯಂತ್ರ ರೂಪಿಸಿದರು. ಅದರ ಹೆಸರೇ ಬ್ರೆತಲೈಸರ್.

ಬೋರ್ಕೆನ್‌ಸ್ಟೈನ್ ಅಲ್ಲಿಗೇ ನಿಲ್ಲಲಿಲ್ಲ. 1962-63ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ್‍ಯಾಪಿಡ್ಸ್ ನಗರದಲ್ಲಿ ದೊಡ್ಡದೊಂದು ಅಧ್ಯಯನ ನಡೆಸಿದರು. ಅಪಘಾತಕ್ಕೆ ಸಿಲುಕಿದ ಚಾಲಕರ ಉಸಿರನ್ನು ಅಳೆದರು. ಅಪಘಾತಗಳು ನಡೆಯುವ ಜಾಗಗಳಲ್ಲೇ, ಅಂಥದೇ ಹೊತ್ತಿನಲ್ಲಿ, ಏನೂ ಆಗದೆ ಸುಮ್ಮನೆ ಹೋಗುತ್ತಿದ್ದ ಚಾಲಕರ ಉಸಿರನ್ನೂ ಅಳೆದರು. ಎರಡನ್ನೂ ಹೋಲಿಸಿದಾಗ ಮದ್ಯದ ಪ್ರಮಾಣ 100 ಮಿಲಿಲೀಟರಿಗೆ 80 ಮಿಲಿಗ್ರಾಂ ದಾಟಿದ ಮೇಲೆ ಅಪಾಯ ಕಡಿದಾಗಿ ಏರುತ್ತದೆಂಬುದು ಕಂಡಿತು. ಕುಡಿದರೆ ಎಚ್ಚರ ಹೆಚ್ಚುತ್ತದೆ ಎಂಬ ವಾದಕ್ಕೆ ಇನ್ನು ಆಧಾರ ಉಳಿಯಲಿಲ್ಲ.

ಕಾರು ಓಡಿಸದ ಸಚಿವೆ

ಬ್ರಿಟನ್ನಿನಲ್ಲಿ 1966ರಲ್ಲಿ ರಸ್ತೆ ಅಪಘಾತಗಳಿಗೆ ಬಲಿಯಾದವರು 7,985 ಮಂದಿ. ಆಗಿನ ಸಾರಿಗೆ ಸಚಿವೆ ಬಾರ್ಬರಾ ಕ್ಯಾಸಲ್. ಇವರಿಗೆ ಕಾರು ಓಡಿಸುವ ಲೈಸೆನ್ಸೇ ಇರಲಿಲ್ಲ! ರಸ್ತೆ ಸುರಕ್ಷತೆಯ ಮಸೂದೆಯನ್ನು ಅವರು ಕೈಗೆತ್ತಿಕೊಂಡಾಗ ದೇಶದಲ್ಲಿ ಕೋಲಾಹಲವೇ ಎದ್ದಿತು. ಊರ ಹೊರಗಿನ ಹೆಂಡದಂಗಡಿಗಳ ಮಾಲೀಕರು ವ್ಯಾಪಾರ ಮುಳುಗಿತೆಂದು ಗೋಳಾಡಿದರು. ಸಚಿವೆಗೆ ಬೆದರಿಕೆ ಪತ್ರಗಳು ಬಂದವು. ಹೆಂಗಸು, ಅದರಲ್ಲೂ ಕಾರು ಓಡಿಸದವಳು, ಇವಳಿಗೇನು ಗೊತ್ತು ಎಂದು ಸಂದರ್ಶನದಲ್ಲೇ ಮುಖಕ್ಕೆ ಹೇಳಿದವರಿದ್ದರು.

ಯಾವ ಚಾಲಕನನ್ನು ಬೇಕಾದರೂ ಯಾವಾಗ ಬೇಕಾದರೂ ನಿಲ್ಲಿಸಿ ಪರೀಕ್ಷಿಸುವ ಅಧಿಕಾರ ಪೊಲೀಸರಿಗೆ ಇರಬೇಕೆಂಬುದು ಮೊದಲ ಯೋಚನೆಯಾಗಿತ್ತು. ಇದು ನಾಗರಿಕರ ಸ್ವಾತಂತ್ರ್ಯಕ್ಕೆ ಧಕ್ಕೆ ಎಂಬ ಕೂಗೆದ್ದು ಆ ಅಂಶವನ್ನು ಕೈಬಿಡಬೇಕಾಯಿತು. ಕುಡಿದಿರಬಹುದೆಂಬ ಅನುಮಾನ ಬಂದಾಗ, ಸಂಚಾರ ನಿಯಮ ಮುರಿದಾಗ, ಅಪಘಾತವಾದಾಗ ಮಾತ್ರ ಪರೀಕ್ಷೆ ಎಂದಾಯಿತು. ಮಿತಿ 80 ಮಿಲಿಗ್ರಾಂ. ಮೀರಿದರೆ ಕನಿಷ್ಠ ಒಂದು ವರ್ಷ ಲೈಸೆನ್ಸ್ ಇಲ್ಲ. 1967ರ ಅಕ್ಟೋಬರ್ 9ರಿಂದ ಕಾನೂನು ಜಾರಿಗೆ ಬಂತು. ಪೊಲೀಸರ ಕೈಗೆ ಹಳದಿ ಹರಳುಗಳನ್ನು ತುಂಬಿದ ಪುಟ್ಟ ಗಾಜಿನ ಕೊಳವೆ ಮತ್ತು ಒಂದು ಚೀಲ ಬಂತು. ಊದಿದಾಗ ಹರಳು ಹಸಿರಾದರೆ ಠಾಣೆಗೆ ಹೊರಡಬೇಕು.

ಪರಿಣಾಮ ಯಾರೂ ನಿರೀಕ್ಷಿಸದಷ್ಟು ದೊಡ್ಡದಾಗಿತ್ತು. ಮೊದಲ ಹನ್ನೆರಡು ತಿಂಗಳಲ್ಲಿ ರಸ್ತೆ ಸಾವುಗಳು 1,152ರಷ್ಟು ಕಡಿಮೆಯಾದವು. ಈ ಕಾನೂನಿನ ಪರಿಣಾಮವನ್ನು ಬಿಡಿಸಿ ನೋಡಿದ ಅಮೆರಿಕದ ಸಮಾಜಶಾಸ್ತ್ರಜ್ಞ ಎಚ್. ಲಾರೆನ್ಸ್ ರಾಸ್ ಅವರಿಗೆ ಇನ್ನೂ ಸ್ವಾರಸ್ಯದ ಸಂಗತಿ ಸಿಕ್ಕಿತು. ವಾರಾಂತ್ಯದ ರಾತ್ರಿಗಳಲ್ಲಿ, ಅಂದರೆ ಜನ ಕುಡಿದು ಮನೆಗೆ ಹಿಂತಿರುಗುವ ಹೊತ್ತಿನಲ್ಲಿ, ಸತ್ತವರ ಮತ್ತು ತೀವ್ರ ಗಾಯಗೊಂಡವರ ಸಂಖ್ಯೆ ಸುಮಾರು ಮೂರನೇ ಎರಡು ಭಾಗದಷ್ಟು ಇಳಿದಿತ್ತು. ಕಚೇರಿಗೆ ಹೋಗಿಬರುವ ಹೊತ್ತಿನ ಅಪಘಾತಗಳಲ್ಲಿ ಅಂಥ ಬದಲಾವಣೆಯೇ ಇರಲಿಲ್ಲ. ರಸ್ತೆ ಅದೇ, ಕಾರು ಅದೇ, ಚಾಲಕನೂ ಅವನೇ. ಕೆಲಸ ಮಾಡಿದ್ದು ಊದುಕೊಳವೆಯೇ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಭಯ ಇಳಿಯಿತು, ಚಟ ಮರಳಿತು

ಕತೆ ಇಲ್ಲಿಗೆ ಮುಗಿದಿದ್ದರೆ 'ಒಳ್ಳೆಯ ಕಾನೂನು ಮಾಡಿದರೆ ಸಾಕು' ಎಂಬ ನೀತಿಯೊಂದಿಗೆ ಮುಗಿಯುತ್ತಿತ್ತು. ಆದರೆ ಮುಂದಿನ ಕೆಲವು ವರ್ಷಗಳಲ್ಲಿ ಈ ಲಾಭ ಕರಗುತ್ತ ಹೋಯಿತು. ಕಾನೂನು ಬದಲಾಗಿರಲಿಲ್ಲ, ಶಿಕ್ಷೆ ಕಡಿಮೆಯಾಗಿರಲಿಲ್ಲ. ಮತ್ತೇನಾಯಿತು?

ರಾಸ್ ಕೊಟ್ಟ ವಿವರಣೆ ಸರಳವಾದದ್ದು. ಹೊಸ ಕಾನೂನು ಬಂದಾಗ ಪತ್ರಿಕೆ, ರೇಡಿಯೋ, ಟಿ.ವಿ.ಗಳಲ್ಲಿ ಅದರದೇ ಸುದ್ದಿ. ಕುಡಿದು ಹೊರಟರೆ ಮುಂದಿನ ತಿರುವಿನಲ್ಲಿ ಪೊಲೀಸ್ ನಿಂತಿರುತ್ತಾನೆಂದು ಚಾಲಕರು ನಿಜಕ್ಕೂ ನಂಬಿದರು. ವಾಸ್ತವದಲ್ಲಿ ನಡೆಯುತ್ತಿದ್ದ ಪರೀಕ್ಷೆಗಳು ಬಹಳ ಕಡಿಮೆ. ತಿಂಗಳುಗಟ್ಟಲೆ ಕುಡಿದು ಓಡಿಸಿದರೂ ಯಾರೂ ತಡೆಯದಿದ್ದಾಗ ಚಾಲಕನಿಗೆ ಸತ್ಯ ಹೊಳೆಯಿತು: ಶಿಕ್ಷೆ ಕಾಗದದ ಮೇಲಿದೆ, ರಸ್ತೆಯ ಮೇಲಿಲ್ಲ. ಅಲ್ಲಿಗೆ ಹಳೆಯ ಚಟ ಮರಳಿತು.

ಇದಕ್ಕೆ ತಿರುವುಮುರುವಾದ ಪ್ರಯೋಗವೂ ನಡೆಯಿತು. 1975ರಲ್ಲಿ ಚೆಷೈರ್ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು, ರಾತ್ರಿಯ ಹೊತ್ತು ನಿಯಮ ಮುರಿದ ಅಥವಾ ಅಪಘಾತಕ್ಕೆ ಸಿಲುಕಿದ ಪ್ರತಿಯೊಬ್ಬ ಚಾಲಕನಿಗೂ ಊದಿಸಬೇಕೆಂದು ಆಜ್ಞೆ ಮಾಡಿದರು. ಸಂಸತ್ತು ಹೊಸ ಕಾನೂನು ಮಾಡಿರಲಿಲ್ಲ. ಇದ್ದ ಕಾನೂನನ್ನೇ ಬಿಗಿಯಾಗಿ ನಡೆಸಿದ್ದಷ್ಟೆ. ಸುದ್ದಿ ಹರಡಿದಂತೆ ಅಪಘಾತಗಳು ಮತ್ತೆ ಇಳಿದವು.

ಈ ಪಾಠವನ್ನು ಪೂರ್ತಿಯಾಗಿ ಅರಗಿಸಿಕೊಂಡದ್ದು ಆಸ್ಟ್ರೇಲಿಯ. ಸಿಡ್ನಿ ನಗರವಿರುವ ನ್ಯೂ ಸೌತ್ ವೇಲ್ಸ್ ರಾಜ್ಯ 1982ರ ಡಿಸೆಂಬರ್ 17ರಂದು ಯಾವ ಅನುಮಾನವೂ ಇಲ್ಲದೆ ಯಾರನ್ನಾದರೂ ನಿಲ್ಲಿಸಿ ಊದಿಸುವ ಪದ್ಧತಿ ಆರಂಭಿಸಿತು. ಕ್ರಿಸ್‌ಮಸ್ ವಾರಕ್ಕೆ ಮುಗಿಸಲಿಲ್ಲ. ವರ್ಷಗಟ್ಟಲೆ, ಎಲ್ಲರಿಗೂ ಕಾಣುವಂತೆ ನಡೆಸಿತು. ಕುಡಿಯದವನೂ ಊದಬೇಕು, ಗಣ್ಯನೂ ಊದಬೇಕು. ರಸ್ತೆ ಸಾವುಗಳು ಗಮನಾರ್ಹವಾಗಿ ಇಳಿದವು. ಬ್ರಿಟನ್ನಿನಂತೆ ಕೂಡಲೇ ಏರಲಿಲ್ಲ. ಜನರ ನಡವಳಿಕೆಯಲ್ಲೂ ಬದಲಾವಣೆ ಕಂಡಿತು. 'ಬೇಡಪ್ಪ, ಗಾಡಿ ಓಡಿಸಬೇಕು, ಪೊಲೀಸರು ಹಿಡಿಯುತ್ತಾರೆ' ಎಂಬುದು ಗೆಳೆಯರ ಒತ್ತಾಯಕ್ಕೆ ಮುಜುಗರವಿಲ್ಲದೆ ಕೊಡಬಹುದಾದ ಉತ್ತರವಾಯಿತು. ಭಯದಿಂದ ಆರಂಭವಾದದ್ದು ನಿಧಾನವಾಗಿ ರೂಢಿಯಾಯಿತು.

ಬ್ರಿಟನ್ ಕೂಡ ಕೈಚೆಲ್ಲಲಿಲ್ಲ. ಪರೀಕ್ಷೆ, ಪ್ರಚಾರ ಎರಡನ್ನೂ ಹೆಚ್ಚಿಸಿತು. ಕಾರುಗಳೂ ಮೊದಲಿಗಿಂತ ಸುರಕ್ಷಿತವಾದವು. ಕುಡಿದ ಚಾಲಕರಿಂದ ಆದ ಅಪಘಾತಗಳಲ್ಲಿ 1979ರಲ್ಲಿ ಸತ್ತವರು ಸುಮಾರು 1,640 ಮಂದಿ. 2019ರಲ್ಲಿ ಸುಮಾರು 230. ಒಂದು ಕಾಲದಲ್ಲಿ ನಗೆಚಾಟಿಕೆಯ ವಿಷಯವಾಗಿದ್ದ ಕುಡಿದ ಚಾಲನೆ ಹೇಳಿಕೊಳ್ಳಲು ನಾಚುವ ಕೆಲಸವಾಯಿತು.

ನಮ್ಮ ರಸ್ತೆಯ ಲೆಕ್ಕ

ಭಾರತಕ್ಕೆ ಕಾನೂನಿನ ಕೊರತೆ ಎಂದೂ ಇರಲಿಲ್ಲ. ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. ನಂತರ 1939ರದ್ದು, ಈಗಿರುವುದು 1988ರದ್ದು. ಅದರ 185ನೇ ಕಲಮಿನಲ್ಲಿ 1994ರ ತಿದ್ದುಪಡಿ ನಿಗದಿ ಮಾಡಿದ ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. 1967ರಲ್ಲಿ ಬ್ರಿಟನ್ ಇಟ್ಟ ಮಿತಿಯ ಅರ್ಧಕ್ಕಿಂತಲೂ ಕಡಿಮೆ! ಮೊದಲ ಸಲದ ಅಪರಾಧಕ್ಕೆ 2,000 ರೂಪಾಯಿವರೆಗೆ ಇದ್ದ ದಂಡವನ್ನು 2019ರ ತಿದ್ದುಪಡಿ 10,000ಕ್ಕೆ ಏರಿಸಿತು. ಕೈಯಲ್ಲಿ ಮೊಬೈಲ್ ಹಿಡಿದು ಓಡಿಸುವುದನ್ನೂ ಅಪಾಯಕಾರಿ ಚಾಲನೆಯ ಪಟ್ಟಿಗೆ ಸೇರಿಸಿತು.

ಕಾಗದದ ಮೇಲೆ ಇಷ್ಟು ಬಿಗಿಯಿದ್ದರೂ ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಇವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗ ಕಾರಣವೆಂದು ದಾಖಲಾಗಿದೆ. ಕುಡಿತದ ಲೆಕ್ಕಕ್ಕೆ ಬಿದ್ದ ಸಾವು ನೂರಕ್ಕೆ ಸುಮಾರು ಎರಡೂವರೆ ಮಾತ್ರ. ಇಷ್ಟು ಸಣ್ಣ ಅಂಕಿಯನ್ನು ಕಂಡು ಸಮಾಧಾನಪಡುವ ಮೊದಲು ಒಂದು ಮಾತು ನೆನಪಿಡಬೇಕು. ಊದಿಸಿದರೆ, ರಕ್ತ ಪರೀಕ್ಷೆ ಮಾಡಿದರೆ ಮಾತ್ರ ಕುಡಿತ ದಾಖಲೆಗೆ ಸಿಗುತ್ತದೆ. ಪರೀಕ್ಷೆಯೇ ಆಗದ ಅಪಘಾತದಲ್ಲಿ ಕುಡಿದ ಚಾಲಕನೂ 'ಅತಿವೇಗ'ದ ಪಟ್ಟಿಗೆ ಸೇರಿಬಿಡಬಹುದು.

ಸಿಕ್ಕಿಬೀಳುವ ಭಯಕ್ಕೂ ಅಭ್ಯಾಸಕ್ಕೂ ಇರುವ ನಂಟನ್ನು ನೋಡಲು ಆಸ್ಟ್ರೇಲಿಯಕ್ಕೆ ಹೋಗಬೇಕಾಗಿಲ್ಲ. ಕರ್ನಾಟಕದ ಯಾವ ಊರಿನ ಸರ್ಕಲ್ಲಿನಲ್ಲಿ ನಿಂತರೂ ಸಾಕು. ಪೊಲೀಸ್ ನಿಲ್ಲುವ ಜಾಗಕ್ಕೆ ನೂರು ಗಜ ಮುಂಚೆ ಪೆಟ್ರೋಲ್ ಟ್ಯಾಂಕಿನ ಮೇಲಿದ್ದ ಹೆಲ್ಮೆಟ್ ತಲೆಗೇರುತ್ತದೆ. ದಾಟಿದ ಮೇಲೆ ಮತ್ತೆ ಟ್ಯಾಂಕಿಗೆ ಇಳಿಯುತ್ತದೆ. ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯ ಎಂಬ ಆದೇಶ ರಾಜ್ಯದಲ್ಲಿ 2016ರ ಜನವರಿಯಲ್ಲಿ ಬಂತು. ಅದನ್ನು ಪಾಲಿಸುವ ಬೀದಿಗಳಿವೆ, ಕೇಳದ ಬೀದಿಗಳೂ ಇವೆ; ವ್ಯತ್ಯಾಸ ಸವಾರನ ತಲೆಯಲ್ಲಿ ಅಲ್ಲ, ಬೀದಿಯ ಕಾವಲಿನಲ್ಲಿ. ಹೆದ್ದಾರಿಯಲ್ಲಿ ಎದುರು ಬರುವವರಿಗೆ ಹೆಡ್‌ಲೈಟ್ ಮಿನುಗಿಸಿ 'ಮುಂದೆ ಚೆಕಿಂಗ್ ಇದೆ' ಎಂದು ಸನ್ನೆ ಮಾಡುವುದು ಉಪಕಾರ ಎನಿಸಿಕೊಂಡಿದೆ. ಆ ಸನ್ನೆಯಿಂದ ಪಾರಾದವನು ಮುಂದಿನ ಊರಿನಲ್ಲಿ ಯಾರದೋ ಮಗುವಿನ ಮೇಲೆ ಗಾಡಿ ಹರಿಸಬಹುದು ಎಂಬುದು ಉಪಕಾರಿಗೆ ಹೊಳೆಯುವುದಿಲ್ಲ.

ಕಾವಲು ಬಿಗಿಯಾದರೆ ಏನಾಗುತ್ತದೆಂಬುದಕ್ಕೂ ನಮ್ಮಲ್ಲೇ ಉದಾಹರಣೆ ಇದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿ ಮೊದಲ ತಿಂಗಳುಗಳಲ್ಲಿ ಸಾವಿನ ಸುದ್ದಿಯಿಂದಲೇ ಹೆಸರಾಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ನಿಂತಿತು. ವೇಗ ಅಳೆಯುವ ಯಂತ್ರ, ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಬಂದವು. 2024ರಲ್ಲಿ ಅಲ್ಲಿನ ಸಾವುಗಳು ಹಿಂದಿನ ವರ್ಷಕ್ಕಿಂತ ಬಹಳಷ್ಟು ಕಡಿಮೆಯಾದವು. ಇದರಲ್ಲಿ ಸಣ್ಣ ವಾಹನಗಳನ್ನು ಬೇರ್ಪಡಿಸಿದ್ದರ ಪಾಲೆಷ್ಟು, ಕ್ಯಾಮೆರಾದ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಕಣ್ಣು ಮುಚ್ಚದ ಕಾವಲುಗಾರನೊಬ್ಬ ಇದ್ದಾನೆಂದು ಗೊತ್ತಾದಾಗ ಆಕ್ಸಿಲರೇಟರ್ ಮೇಲಿನ ಕಾಲು ತಾನೇ ಸಡಿಲವಾಗುವುದನ್ನು ಆ ದಾರಿಯಲ್ಲಿ ಹೋಗಿಬರುವವರೆಲ್ಲ ಬಲ್ಲರು.

ಹೊಸ ವರ್ಷದ ರಾತ್ರಿ ಮಾತ್ರ ಆಲ್ಕೋಮೀಟರ್ ಹಿಡಿದು ನಿಂತರೆ, 'ಸುರಕ್ಷತಾ ಸಪ್ತಾಹ'ದಲ್ಲಿ ಮಾತ್ರ ಹೆಲ್ಮೆಟ್ ಕೇಳಿದರೆ ಚಾಲಕ ಆ ಒಂದು ರಾತ್ರಿ, ಆ ಒಂದು ವಾರ ಮಾತ್ರ ಒಳ್ಳೆಯವನಾಗಿರುತ್ತಾನೆ. ಎಂದೋ ಒಮ್ಮೆ ಯಾರಿಗೋ ಬೀಳುವ ಹತ್ತು ಸಾವಿರದ ದಂಡ ಲಾಟರಿ ಇದ್ದಂತೆ. ಅದು ತನಗೇ ಬೀಳುತ್ತದೆಂದು ಯಾರೂ ನಂಬುವುದಿಲ್ಲ. ದಂಡ ಚಿಕ್ಕದಾದರೂ ತಪ್ಪದೆ ಬೀಳುವಂತಿದ್ದರೆ ಕೈಕಾಲು ತಾವಾಗಿ ಕಲಿಯುತ್ತವೆ. ಬ್ರಿಟನ್ನಿನ ಏಳುಬೀಳು, ಚೆಷೈರಿನ ಪ್ರಯೋಗ, ಸಿಡ್ನಿಯ ರಸ್ತೆತಡೆ ಮೂರೂ ಹೇಳುವುದು ಇದನ್ನೇ.

2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರ ಪೈಕಿ ಸುಮಾರು ಐವರಲ್ಲಿ ಒಬ್ಬರು ಪಾದಚಾರಿಗಳು. ಅವರು ಕುಡಿದು ಗಾಡಿ ಓಡಿಸಿರಲಿಲ್ಲ, ವೇಗ ಮೀರಿರಲಿಲ್ಲ, ಫೋನು ಹಿಡಿದು ಸ್ಟೀರಿಂಗ್ ತಿರುಗಿಸಿರಲಿಲ್ಲ. ಇನ್ನೊಬ್ಬರ ಅಭ್ಯಾಸಕ್ಕೆ ಬೆಲೆ ತೆತ್ತವರು ಇವರಲ್ಲಿ ಎಷ್ಟೋ ಮಂದಿ. ಕುಡಿದ ದಿನ ಗಾಡಿಯ ಕೀಲಿಯನ್ನು ಮತ್ತೊಬ್ಬರ ಕೈಗೆ ಕೊಡುವುದಕ್ಕೆ, ಕರೆ ಬಂದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸುವುದಕ್ಕೆ ಪೊಲೀಸ್ ಬೇಕಾಗಿಲ್ಲ ನಿಜ. ಆದರೆ ಎಲ್ಲರೂ ಹಾಗೆ ಮಾಡುವ ಕಾಲ ಬರುವವರೆಗೆ ಕಾವಲು ಬೇಕು. ಅದು ಹಬ್ಬಕ್ಕೊಮ್ಮೆ ಬರುವ ಕಾವಲಲ್ಲ, ದಿನವೂ ಇರುವ ಕಾವಲು.